ಊರಿನ ಫಲಕದಲ್ಲಿ ಹೆಸರಿನ ಕಥೆಯೂ ಇರಬೇಕೇ?

ಪರ

ಅಬ್ಬಿ ಅಂದ್ರೆ ಜಲಪಾತ. ಮಡಿಕೇರಿ ಹತ್ತಿರದ ಅಬ್ಬಿಗೆ ಬರುವ ಜನ ಇಂಗ್ಲಿಷ್ ಬೋರ್ಡು ನೋಡಿ, ಇಲ್ಲಿ ಹಿಂದೆ ಕ್ರೈಸ್ತ ಮಠ ಇತ್ತಾ ಎಂದು ಕೇಳುತ್ತಾರೆ. ಬೋರ್ಡಿನಲ್ಲಿ 'Abbey' ಎಂದು, ಅಂದ್ರೆ ಇಂಗ್ಲಿಷಿನಲ್ಲಿ ಮಠ ಎಂದು, ಬರೆದರೆ ಇನ್ನೇನಾಗುತ್ತದೆ? ಬ್ರಿಟಿಷರು ಇದನ್ನೇ ಜೆಸ್ಸಿ ಫಾಲ್ಸ್ ಎಂದು ಕರೆದಿದ್ದರು. ಆ ಹೆಸರು ಹೋಯಿತು, ನಮ್ಮದು ಉಳಿಯಿತು. ಆದರೆ ಅರ್ಥ ಮಾಸುತ್ತಿದೆ. ಕೆಳಗೆ ಒಂದೇ ಒಂದು ಸಾಲು ಬರೆದರೆ ಸಾಕು.

ಮಡಿಕೇರಿಯನ್ನೇ ನೋಡಿ. 1681ರಲ್ಲಿ, ಕೊಡಗನ್ನು ಆಳುತ್ತಿದ್ದ ಹಾಲೇರಿ ವಂಶದ ಮುದ್ದುರಾಜ ಇಲ್ಲಿ ರಾಜಧಾನಿ ಕಟ್ಟಿದ. ಮುದ್ದುರಾಜಕೇರಿ ಬಾಯಿಂದ ಬಾಯಿಗೆ ಸವೆದು ಮಡಿಕೇರಿಯಾಯಿತು. ಬ್ರಿಟಿಷರ ಬಾಯಲ್ಲಿ ಅದು ಮರ್ಕೆರಾ. ವಿರಾಜಪೇಟೆ ಎಂಬುದು ಅದೇ ವಂಶದ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಪೇಟೆ. ದಿನಾ ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಮಕ್ಕಳಿಗೆ ಇದು ಗೊತ್ತಾಗಬೇಕು ಅಲ್ವಾ? ಶನಿವಾರಸಂತೆಗೆ ಮಾತ್ರ ವಿವರಣೆ ಬೇಡ, ಹೆಸರೇ ಹೇಳುತ್ತದೆ.

ವಿರೋಧ

ಹಾಗಾದರೆ ಕುಶಾಲನಗರದ ಫಲಕದಲ್ಲಿ ಏನು ಬರೆಯೋಣ? ಟಿಪ್ಪು ಹುಟ್ಟಿದ ಸುದ್ದಿ ಹೈದರನಿಗೆ ಇಲ್ಲಿ ಸಿಕ್ಕಿತು, ಖುಷಿಯಿಂದ ಈ ಹೆಸರಿಟ್ಟ ಎಂದು ಎಲ್ಲರೂ ಹೇಳುತ್ತಾರೆ. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ದೇವನಹಳ್ಳಿಯಲ್ಲಿ. ಹೈದರನ ಸೈನ್ಯ ಕೊಡಗಿಗೆ ಬಂದದ್ದು 1760ರ ದಶಕದಲ್ಲಿ. ಲೆಕ್ಕ ಕೂಡುವುದಿಲ್ಲ. ಬಾಯಿಮಾತಿನ ಕಥೆಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಸರ್ಕಾರಿ ಬೋರ್ಡಿಗೆ ಏರಿದರೆ ಅದೇ ಇತಿಹಾಸವಾಗುತ್ತದೆ, ಪರೀಕ್ಷೆಯಲ್ಲೂ ಬರುತ್ತದೆ. ಇದೇ ಊರು ಫ್ರೇಜರ್‌ಪೇಟೆಯೂ ಆಗಿತ್ತು, ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರಲ್ಲಿ. ಅದನ್ನೂ ಸೇರಿಸುವುದೋ, ಬಿಡುವುದೋ?

ಬಲಮುರಿಯಲ್ಲಿ ಕಾವೇರಿ ಬಲಕ್ಕೆ ತಿರುಗಿದಳು, ಆ ರಭಸಕ್ಕೆ ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು ಎನ್ನುತ್ತಾರೆ. ನನಗೆ ತುಂಬಾ ಇಷ್ಟದ ಕಥೆ. ಅದನ್ನು ತುಲಾ ಸಂಕ್ರಮಣದ ಹೊತ್ತಿಗೆ ಮನೆಯ ಹಿರಿಯರ ಬಾಯಲ್ಲೇ ಕೇಳಬೇಕು. ತಗಡಿನ ಮೇಲೆ ಎರಡು ಸಾಲು ಬರೆದರೆ ಅದು ಸುಮ್ನೆ ಮಾಹಿತಿಯಾಗುತ್ತದೆ.

ಇನ್ನೂ ದೊಡ್ಡ ಚಿಂತೆ ಬೇರೆ. ಇಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಯರವರ, ಕುರುಬರ ಮಾತುಗಳಿವೆ. ಒಂದೇ ಗುಡ್ಡಕ್ಕೆ ಹಾಡಿಯವರು, ಅಂದರೆ ಆದಿವಾಸಿ ಕೇರಿಯ ಜನ, ಒಂದು ಹೆಸರು ಹೇಳಿದರೆ, ಎಸ್ಟೇಟಿನವರು ಇನ್ನೊಂದು ಹೇಳುತ್ತಾರೆ. ಫಲಕದಲ್ಲಿ ಜಾಗ ಇರುವುದು ಒಂದಕ್ಕೇ. ಅದು ಹಾಡಿಯವರದ್ದು ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೊಡಗು ಎಂಬ ಹೆಸರಿಗೇ ಒಮ್ಮತವಿಲ್ಲ. ಕಾವೇರಿ ಪುರಾಣ ಕ್ರೋಡದೇಶ ಎನ್ನುತ್ತದೆ. ಹಳೆಯ ತಮಿಳಿನ 'ಕುಡ', ಅಂದರೆ ಪಡುವಣ, ಅದರಿಂದ ಬಂತು ಎನ್ನುವವರೂ ಇದ್ದಾರೆ. ಜಿಲ್ಲೆಯ ಗಡಿಯಲ್ಲಿ ನಿಲ್ಲಿಸುವ ಮೊದಲ ಫಲಕಕ್ಕೆ ಇವೆರಡರಲ್ಲಿ ಯಾವುದನ್ನು ಆರಿಸುತ್ತೀರಿ?