ಹಂದಿ ಬಂತು ಹಂದಿ!

ಪೆರ್ಲದ ಹತ್ರ ನಮ್ಮ ಭಾವನ ತೋಟಕ್ಕೆ ಕಾಡುಹಂದಿ ಕಾಟ ಅಂತ ಒಬ್ಬನನ್ನು ರಾತ್ರಿ ಕಾವಲಿಗೆ ಇಟ್ರು, ಒಂದೇ ತಿಂಗಳಿಗೆ ಅಂತ ಮಾತು, ಈಗ ಮೂರನೇ ಮಳೆಗಾಲ ಮಾರಾಯ್ರೆ. ಮೊದಲು ಟಾರ್ಚ್ ಕೇಳಿದ, ಮತ್ತೆ ಗೇಟಿನ ಕೀ, ಈಗ ರಾತ್ರಿ ಭಾವನೇ ಅಂಗಳಕ್ಕೆ ಇಳಿಬೇಕಾದ್ರೂ ಅವನ ಪರ್ಮಿಶನ್ ಬೇಕು. ಹಂದಿಯನ್ನು ಕಣ್ಣಾರೆ ಕಂಡವರಿಲ್ಲ. ಬೆಳಿಗ್ಗೆ ಮರಗೆಣಸಿನ ಬುಡದಲ್ಲಿ ಗುಂಡಿ ಮಾತ್ರ ಉಂಟು, ಪಕ್ಕದಲ್ಲೇ ಚಪ್ಪಲಿ ಅಚ್ಚು. ಇದೆಂತದಾ ಅಂತ ಕೇಳಿದ್ರೆ "ನೀವು ಹಂದಿ ಕಡೆಯವರಾ?" ಅಂತಾನೆ.

ಆ ಗುಂಡಿ ನೋಡುವಾಗ ನನಗೆ ಫಿಲಿಪ್ಪೀನ್ಸ್ ನೆನಪಾಗ್ತದೆ. 1972ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಮಂತ್ರಿ ಎನ್ರಿಲೆ ಕಾರಿಗೆ ಗುಂಡು ಬಿತ್ತು, ಮಂತ್ರಿಗೆ ಒಂದು ಗೀರೂ ಆಗ್ಲಿಲ್ಲ, ಅಧ್ಯಕ್ಷ ಮಾರ್ಕೋಸ್ ಸಾಹೇಬ್ರು ಮಾರ್ಷಲ್ ಲಾ ತಂದೇ ಬಿಟ್ರು. ಅದು ನಾಟಕ ಅಂತ 1986ರಲ್ಲಿ ಆ ಮಂತ್ರಿಯೇ ಹೇಳಿದ್ರು, ಆಮೇಲೆ ಪುನಃ ಉಲ್ಟಾ ಹೊಡೆದ್ರು!

ನಮ್ಮಲ್ಲಿ 1975ರಲ್ಲಿ ಹಂದಿಯ ಹೆಸರು "ಆಂತರಿಕ ಗಲಭೆ". ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆ ರದ್ದು ಮಾಡಿತು, 25ರ ರಾತ್ರಿ ದೇಶಕ್ಕೇ ಅಪಾಯ ಬಂತು, ದೆಹಲಿಯ ಪೇಪರ್ ಪ್ರೆಸ್‌ಗಳ ಕರೆಂಟೂ ಹೋಯ್ತು. ಎಂತಾ ಟೈಮಿಂಗ್ ನೋಡಿ.

ಹಾಗಂತ ಹಂದಿ ಯಾವಾಗ್ಲೂ ಸುಳ್ಳು ಅಂತ ಅಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ-ಕೇರಳ ಗಡಿಯ ತಲಪಾಡಿ ಬಂದ್ ಆಗಿ ಒಳರಸ್ತೆಗೆಲ್ಲ ಮಣ್ಣು ಬಿದ್ದು, ಮಂಗಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕಾಗದೆ ಒದ್ದಾಡಿದ ಕಾಸರಗೋಡಿನವರಿಗೆ ವೈರಸ್ ನಿಜ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಅದೇ ತಿಂಗಳು ಹಂಗೇರಿಯ ಆಗಿನ ಪ್ರಧಾನಿ ಓರ್ಬಾನ್ ಸಂಸತ್ತನ್ನು ಬದಿಗಿಟ್ಟು ಆದೇಶದಲ್ಲೇ ಆಳುವ ಕಾನೂನು ಮಾಡಿಸಿಕೊಂಡ್ರು, ಅದಕ್ಕೆ ಕೊನೆ ತಾರೀಕೇ ಇರ್ಲಿಲ್ಲ. 2022ರ ಮೇ ಹೊತ್ತಿಗೆ ಕೊರೊನಾ ಹಳಸಿತು, ಅಷ್ಟರಲ್ಲಿ ಪಕ್ಕದ ಉಕ್ರೇನಿನ ಯುದ್ಧ ಸಿಕ್ಕಿತು, ಸಂವಿಧಾನ ತಿದ್ದಿದ ದಿನವೇ ಹೊಸ ಎಮರ್ಜೆನ್ಸಿ. ಹಂದಿ ಹೋಯ್ತು, ಮುಳ್ಳುಹಂದಿ ಬಂತು.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಂತೂ ಗ್ಯಾಂಗುಗಳು ನಿಜಕ್ಕೂ ಜನರನ್ನು ಕೊಲ್ತಾ ಇದ್ವು. 2022ರಲ್ಲಿ 30 ದಿನಕ್ಕೆ ಅಂತ ತಂದ ಎಮರ್ಜೆನ್ಸಿಯನ್ನು ತಿಂಗಳು ತಿಂಗಳು ರಿನ್ಯೂ ಮಾಡ್ತಾ ಬಂದ್ರು, ಮೊಬೈಲ್ ರೀಚಾರ್ಜ್ ಹಾಗೆ. 2025ರಲ್ಲಿ ಅಧ್ಯಕ್ಷರು ಎಷ್ಟು ಸಲ ಬೇಕಾದ್ರೂ ನಿಲ್ಲಬಹುದು ಅಂತ ಸಂವಿಧಾನವನ್ನೂ ತಿದ್ದಿದ್ರು. ಗ್ಯಾಂಗಿಗೂ ಅದಕ್ಕೂ ಎಂತ ಸಂಬಂಧ? ಕೇಳ್ಬೇಡಿ, ಹಂದಿ ಕಡೆಯವರಾಗ್ತೀರಿ.

ಮೊನ್ನೆ ಭಾವ ಧೈರ್ಯ ಮಾಡಿ "ಇನ್ನು ಕಾವಲು ಸಾಕಪ್ಪ, ಹಂದಿ ಕಾಣ್ತಾ ಇಲ್ಲ" ಅಂದ್ರು. ಆ ರಾತ್ರಿ ಮರಗೆಣಸಿಗೆ ಏನೂ ಆಗ್ಲಿಲ್ಲ, ಹಟ್ಟಿಯ ಬಾಗಿಲು ಮಾತ್ರ ತೆರೆದಿತ್ತು. ಚಿರತೆಯಂತೆ! ನಾಳೆಯಿಂದ ಅವನ ತಮ್ಮಂದಿರು ಇಬ್ಬರೂ ಕೆಲಸಕ್ಕೆ ಬರ್ತಾರೆ, ಮಲಗ್ಲಿಕ್ಕೆ ಚಾವಡಿ ಬಿಟ್ಟುಕೊಡಬೇಕಂತೆ.