ಆಕ್ಟೇನ್ ಹೆಚ್ಚಿದ ಮಾತ್ರಕ್ಕೆ ಮೈಲೇಜ್ ಉಳಿಯದು
ಎಥೆನಾಲ್ ಬೆರೆತ ಪೆಟ್ರೋಲಿನ ಆಕ್ಟೇನ್ ಹೆಚ್ಚಿರುವುದರಿಂದ ಮೈಲೇಜ್ ಇಳಿಯುವುದಿಲ್ಲ ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನಲ್ಲಿರುವುದಕ್ಕಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಶೇ. 20ರ ಮಿಶ್ರಣದಲ್ಲಿ ಲೀಟರಿಗೆ ಶೇ. 6ರಿಂದ 7ರಷ್ಟು ಶಕ್ತಿ ಖೋತಾ ಆಗುತ್ತದೆ. ಆಕ್ಟೇನ್ ಎಂಬುದು ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಹೊತ್ತಿಕೊಂಡು ಬಡಿಯುವುದು) ತಡೆಯುವ ಗುಣವೇ ಹೊರತು ಶಕ್ತಿಯ ಅಳತೆಯಲ್ಲ. ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಹೆಚ್ಚಿಸಿದ, ಇಲ್ಲವೇ ಕಿಡಿ ತುಸು ಬೇಗನೆ ಹಾರುವಂತೆ ಮಾಡಿದ ಎಂಜಿನ್ ಮಾತ್ರ ಆ ಗುಣವನ್ನು ದುಡಿಸಿಕೊಂಡು ನಷ್ಟದ ಒಂದು ಭಾಗವನ್ನು ಮರಳಿ ಪಡೆಯಬಲ್ಲದು.

ಇನ್ನು ಗಾಳಿಯ ಲೆಕ್ಕ. ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಎಥೆನಾಲಿಗೆ ಸುಮಾರು 9 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವ ವಾಹನದಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಧನ ಚಿಮ್ಮಿಸುವ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ಇದನ್ನು ಸರಿದೂಗಿಸುತ್ತದೆ. ಹಳೆಯ ವಾಹನಗಳಲ್ಲಿ ಗಾಳಿ-ಇಂಧನ ಬೆರೆಸುವ ಕಾರ್ಬುರೇಟರಿಗೆ ಅದು ಸಾಧ್ಯವಿಲ್ಲ. ನನ್ನ ಹಳೆಯ ಬೈಕ್ ಥ್ರಾಟಲ್ ತಿರುಗಿಸಿದೊಡನೆ ಮುಗ್ಗರಿಸತೊಡಗಿದಾಗ ಪ್ಲಗ್ ಬಿಚ್ಚಿ ನೋಡಿದೆ, ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು; ಇಂಧನ ಸಾಲುತ್ತಿಲ್ಲ ಎಂಬುದರ ಗುರುತು ಅದು. ಕಾರ್ಬುರೇಟರಿನಲ್ಲಿ ಇಂಧನ ಹರಿಯುವ ಸಣ್ಣ ರಂಧ್ರದ ಮೇನ್ ಜೆಟ್ ತೆಗೆದು ಒಂದು ಅಳತೆ ದೊಡ್ಡದನ್ನು ಹಾಕಿಸಿದ ಮೇಲೆ ಎಳೆತ ಸರಿಹೋಯಿತು, ಮೈಲೇಜ್ ಮಾತ್ರ ಹಿಂದಿನ ಮಟ್ಟಕ್ಕೆ ಮರಳಲಿಲ್ಲ.