ಚಾಕು ಪಕ್ಷ, ಇಕ್ಕಳ ಪಕ್ಷ

ನಮ್ಮ ಮನೆಯಲ್ಲಿ ಮೂರು ಸ್ಕ್ರೂಡ್ರೈವರ್ ಇವೆ. ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. ಫ್ರಿಜ್ ಮೇಲೆ ನೋಡು ಅಂತ ಒಬ್ಬರು, ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇರಬೇಕು ಅಂತ ಇನ್ನೊಬ್ಬರು, ಇವರೆಲ್ಲ ಹೇಳಿದ ಕಡೆ ಹುಡುಕಿ ಸುಸ್ತಾಗಿ ಬರುವಷ್ಟರಲ್ಲಿ ಅಪ್ಪ ಒಂದು ರೂಪಾಯಿ ನಾಣ್ಯದಲ್ಲೇ ಸ್ಕ್ರೂ ತಿರುಗಿಸಿ ಮುಗಿಸಿ ಪೇಪರ್ ಓದುತ್ತಾ ಕೂತಿರುತ್ತಾರೆ. ಇಂಥ ಮನೆಯಲ್ಲಿ ಬೆಳೆದವನು ಜೇಬಿನಲ್ಲೇ ಗ್ಯಾರೇಜು ಇಟ್ಟುಕೊಳ್ಳುವ ಆಸೆಗೆ ಬೀಳದೆ ಇರುತ್ತಾನಾ?

ಮೊದಲ ಸಂಬಳದಲ್ಲಿ ಕೆಂಪು ಹಿಡಿಯ ವಿಕ್ಟೋರಿನಾಕ್ಸ್ ಕೊಂಡೆ, ಹಿಡಿಯೊಳಗೆ ಹಲವು ಉಪಕರಣ ಮಡಚಿಟ್ಟ ಸ್ವಿಸ್ ಚಾಕು ಅದು. ಕೆಲವು ವರ್ಷ ಕಳೆದು ಅಮೆರಿಕದಿಂದ ಬಂದ ಭಾವ, ಚಾಕಲೇಟು, ಬಾದಾಮಿ ಎಲ್ಲ ಹಂಚಿ ಮುಗಿದ ಮೇಲೆ, ಸೂಟ್‌ಕೇಸಿನ ತಳದಿಂದ ಚಾಕು, ಸ್ಕ್ರೂಡ್ರೈವರ್ ಎಲ್ಲ ಹಿಡಿಯಲ್ಲಿ ಮಡಚಿಟ್ಟ, ಲೆದರ್‌ಮನ್ ವೇವ್ ಅನ್ನುವ ಒಂದು ಇಕ್ಕಳ ತೆಗೆದು ನನ್ನ ಕೈಗಿಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ದಿನದಿಂದ ಹೋಲಿಸುವ ಚಟ ಹತ್ತಿತು. ಯಾವುದು ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನೇ ತಿರುಗಿ ಕೇಳುತ್ತೇನೆ: ನೀವು ಜಾಸ್ತಿ ಕತ್ತರಿಸುವವರೋ, ಜಾಸ್ತಿ ತಿರುಪುವವರೋ? ಯಾಕೆಂದರೆ ಒಂದು, ನೆಂಟರನ್ನೆಲ್ಲ ಮನೆಗೆ ಸೇರಿಸಿಕೊಂಡ ಚಾಕು. ಇನ್ನೊಂದು, ನೆಂಟರನ್ನೆಲ್ಲ ಸೇರಿಸಿಕೊಂಡ ಕಟಿಂಗ್ ಪ್ಲೇಯರ್. ಮನೆ ತುಂಬಾ ಜನ ಎರಡು ಕಡೆಯೂ ಇದ್ದಾರೆ, ಆದರೆ ಯಜಮಾನ ಬೇರೆ.

ಚಾಕು ಪಕ್ಷ ಹಳೆಯದು. ಸ್ವಿಟ್ಜರ್‌ಲೆಂಡಿನ ಇಬಾಖ್ ಊರಿನ ಕಾರ್ಲ್ ಎಲ್ಸೆನರ್, ವಿಕ್ಟೋರಿನಾಕ್ಸ್ ಹುಟ್ಟುಹಾಕಿದವನು, 1891ರಲ್ಲಿ ಸೈನಿಕರಿಗೆ ಚಾಕು ಒದಗಿಸಲು ಶುರು ಮಾಡಿದ. ಅದರಲ್ಲಿ ಇದ್ದದ್ದು ನಾಲ್ಕೇ: ಅಲಗು, ಡಬ್ಬ ತೆರೆಯುವ ಕೊಕ್ಕೆ, ತೂತು ಕೊರೆಯುವ ದಬ್ಬಳ, ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್. ಊಟಕ್ಕೂ ಯುದ್ಧಕ್ಕೂ ಒಂದೇ ಸಾಮಾನು! 1897ರಲ್ಲಿ ಅಧಿಕಾರಿಗಳ ಚಾಕು ಬಂತು. ಅದಕ್ಕೆ ಇನ್ನೊಂದು ಚಿಕ್ಕ ಅಲಗು, ಬಾಟಲಿಯ ಬಿರಡೆ ಕೀಳುವ ಸುರುಳಿ ಸೇರಿದವು. ಜಾಣತನ ಇರುವುದು ಅದರ ಬೆನ್ನಿನಲ್ಲಿ. ಒಂದೇ ಸ್ಪ್ರಿಂಗ್ ಪಟ್ಟಿ ಎರಡೂ ಬದಿಯವನ್ನು ಒತ್ತಿ ಹಿಡಿಯುತ್ತದೆ, ಹಾಗಾಗಿ ಆರು ಉಪಕರಣಕ್ಕೆ ಎರಡೇ ಸ್ಪ್ರಿಂಗ್ ಸಾಕಾಯಿತು. ಅಲಗು ಮುಚ್ಚುವಾಗ ಬರುವ ಆ ಟಕ್ ಸದ್ದು ಈ ಪಟ್ಟಿಯದೇ. ಫೋನಿನಲ್ಲಿ ಉದ್ದುದ್ದ ಮಾತಾಡುವವರು ಸಿಕ್ಕಿದಾಗ ನಾನು ಸುಮ್ನೆ ಟಕ್ ಟಕ್ ಅನ್ನಿಸುತ್ತಾ ಕೂರುತ್ತೇನೆ.

ಬಿರಡೆ ಹಾಕಿದ ಬಾಟಲಿ ನಮ್ಮ ಮನೆಗೆ ಯಾವತ್ತೂ ಬಂದಿಲ್ಲ. ಆದರೂ ಆ ಸುರುಳಿ ಇಲ್ಲದ ಚಾಕು ನನಗೆ ಬೇಡ. ಪೈಜಾಮದ ಲಾಡಿ ಕಗ್ಗಂಟಾದಾಗ ಅದರ ತುದಿ ಗಂಟಿನೊಳಗೆ ತೂರಿಸಿ ಸ್ವಲ್ಪ ಅಲ್ಲಾಡಿಸಿ ನೋಡಿ, ಅರ್ಜೆಂಟಿನ ಹೊತ್ತಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನನ್ನದರಲ್ಲಿ ಆ ಸುರುಳಿಯೊಳಗೇ ಉಗುರುದ್ದದ ಒಂದು ಸ್ಕ್ರೂಡ್ರೈವರನ್ನು ತಿರುಪಿ ಕೂರಿಸಿದ್ದಾರೆ. ಅಪ್ಪನ ಕನ್ನಡಕದ ಕಡ್ಡಿ ಸಡಿಲವಾದಾಗ ಅವರು ಒಂದೂ ಮಾತಾಡದೆ ಕನ್ನಡಕ ಬಿಚ್ಚಿ ನನ್ನ ಮುಂದೆ ಇಡುತ್ತಾರೆ. ಸಾಸಿವೆಯಷ್ಟು ಆ ಸ್ಕ್ರೂ ಮುಂದೆ ನಾಣ್ಯದ ಆಟ ನಡೆಯುವುದಿಲ್ಲ ನೋಡಿ.

ಇದೇ ಪಕ್ಷದಲ್ಲಿ ವೆಂಗರ್ ಅಂತ ಇನ್ನೊಂದು ಕಂಪನಿ ಇತ್ತು. ಸ್ವಿಸ್ ಸರ್ಕಾರ 1908ರಿಂದ ಇಬ್ಬರಿಗೂ ಅರ್ಧರ್ಧ ಆರ್ಡರ್ ಕೊಟ್ಟು ಜಗಳ ತಪ್ಪಿಸಿತ್ತು, ನಮ್ಮಲ್ಲಿ ಅಣ್ಣತಮ್ಮಂದಿರಿಗೆ ತೋಟ ಪಾಲು ಮಾಡಿದ ಹಾಗೆ. 2005ರಲ್ಲಿ ವಿಕ್ಟೋರಿನಾಕ್ಸ್ ಅದನ್ನು ಕೊಂಡುಕೊಂಡಿತು.

ಇಕ್ಕಳ ಪಕ್ಷ ಹುಟ್ಟಿದ್ದು ಒಂದು ಡಕೋಟ ಕಾರಿನಿಂದ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿ ಜೊತೆ ಹಳೇ ಫಿಯೆಟ್ ಹಿಡಿದು ಯುರೋಪ್ ಸುತ್ತುತ್ತಿದ್ದ. ಕಾರು ದಿನಾ ಕೈಕೊಡುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಹಣ್ಣು ಹೆಚ್ಚಲು ಸಾಕು, ನಟ್ಟು ಹಿಡಿಯಲು ಏನೂ ಇಲ್ಲ. ಇದಕ್ಕೊಂದು ಇಕ್ಕಳ ಇದ್ದಿದ್ದರೆ ಅನ್ನಿಸಿತು. ಊರಿಗೆ ಹೋಗಿ ತಿಂಗಳಲ್ಲಿ ಮಾಡಿ ಮುಗಿಸುತ್ತೇನೆ ಅಂದುಕೊಂಡವನಿಗೆ ಮಾದರಿ ಮಾಡಲು ಮೂರು ವರ್ಷ, ಕೊಳ್ಳುವವರನ್ನು ಹುಡುಕಲು ಇನ್ನೈದು ವರ್ಷ ಹಿಡಿಯಿತು. ಚಾಕು ಕಂಪನಿಯವರು ಇದು ಚಾಕು ಅಲ್ಲ ಅಂದರಂತೆ, ಹತಾರದ ಕಂಪನಿಯವರು ಇದು ಹತಾರ ಅಲ್ಲ ಅಂದರಂತೆ. ಕೊನೆಗೆ 1983ರಲ್ಲಿ ಮಾರಾಟ ಶುರುವಾಯಿತು.

ವೇವ್ ಬಂದದ್ದು 1998ರಲ್ಲಿ. ಇಕ್ಕಳ ಬಿಡಿಸದೆ, ಒಂದೇ ಕೈಯಲ್ಲಿ ಹೆಬ್ಬೆರಳಿನಿಂದಲೇ ಅಲಗು ತೆರೆಯಬಹುದು. ಇನ್ನೊಂದು ಕೈಯಲ್ಲಿ ಸೋರುವ ಪೈಪು ಹಿಡಿದಿದ್ದರೆ ಇದಕ್ಕಿಂತ ಪುಣ್ಯ ಇಲ್ಲ. ಆದರೆ ಭಾರ! ಈಗಿನ ವೇವ್ ಪ್ಲಸ್ 241 ಗ್ರಾಂ. ಅಂದರೆ ಕಾಲು ಕೇಜಿ ಹುರಳಿಕಾಯಿ ಜೇಬಿಗೆ ಹಾಕಿಕೊಂಡು ಓಡಾಡಿದ ಹಾಗೆ. ಪ್ಯಾಂಟು ಒಂದು ಕಡೆಗೆ ಜಗ್ಗುತ್ತದೆ. "ರೀ, ಆ ಕಬ್ಬಿಣ ಮನೇಲಿಟ್ಟು ಬನ್ನಿ" ಅಂತ ಹೆಂಡತಿ ಹೇಳುವುದು ಪ್ಯಾಂಟಿನ ಮೇಲಿನ ಕಾಳಜಿಯಿಂದ.

ಇಂಥದೇ ಇಕ್ಕಳ ಮಾಡುವ ಗರ್ಬರ್ ಕಂಪನಿ ಕೂಡ ಲೆದರ್‌ಮನ್ ಇರುವ ಪೋರ್ಟ್‌ಲ್ಯಾಂಡ್ ಕಡೆಯದೇ. ಅದರ ಕೆಲವು ಮಾದರಿಗಳಲ್ಲಿ ಕೈ ಕೊಡವಿದರೆ ಇಕ್ಕಳ ಸರಕ್ಕನೆ ಹೊರಗೆ ಜಾರುತ್ತದೆ, ಸಿನಿಮಾ ವಿಲನ್ ಥರ. ನನಗೆ ಅಷ್ಟು ಆರ್ಭಟ ಬೇಡ. ಸಾಗ್ ಕಂಪನಿಯ ಕೆಲವು ಇಕ್ಕಳಗಳಿಗೆ ಹಲ್ಲುಗಾಲಿ ಇದೆ, ಮೆಲ್ಲಗೆ ಅಮುಕಿದರೂ ಬಲ ಜಾಸ್ತಿ ಬೀಳುತ್ತದೆ. ಇನ್ನು ವಿಕ್ಟೋರಿನಾಕ್ಸಿನವರೇ ಸ್ವಿಸ್‌ಟೂಲ್ ಅಂತ ಇಕ್ಕಳ ಮಾಡಿದ್ದಾರೆ. ಪಕ್ಷಾಂತರ ಎಲ್ಲಿಲ್ಲ ಹೇಳಿ?

ಇಷ್ಟೆಲ್ಲ ತಿಳಿದ ಜಂಬದಲ್ಲಿ ಒಮ್ಮೆ ಸ್ವಿಚ್‌ಬೋರ್ಡ್ ರಿಪೇರಿಗೆ ಬಂದ ಹುಡುಗನಿಗೆ ವೇವ್ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ ಸಾರ್, ಆದ್ರೆ ಇದ್ರ ಹಿಡಿಗೆ ರಬ್ಬರ್ ಎಲ್ಲಿ? ಶಾಕ್ ಹೊಡೆಯಲ್ವಾ?" ಅಂದ. ತನ್ನ ಚೀಲದಿಂದ ಟೆಸ್ಟರ್, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್ ತೆಗೆದು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ನಾನು ಟಾರ್ಚ್ ಹಿಡಿದುಕೊಂಡು ನಿಂತಿದ್ದೆ.

ಕತ್ತರಿಯಲ್ಲಿ ಮಾತ್ರ ಚಾಕು ಪಕ್ಷವೇ ಮೇಲು ಅಂತ ನನ್ನ ತೀರ್ಪು. ಚಿಮಟವೂ ಅಷ್ಟೆ, ಕಾಲಿನ ಮುಳ್ಳು ಒಂದೇ ಸಲಕ್ಕೆ ಬರುತ್ತದೆ. ಆದರೆ ಆ ಕೆಂಪು ಹಿಡಿಯಲ್ಲಿ ಹಲ್ಲುಕಡ್ಡಿಯೂ ಇದೆಯಲ್ಲ, ಅದೇ ಕಷ್ಟ. ಹೋದ ವರ್ಷ ಮದುವೆ ಮನೆಯಲ್ಲಿ ಊಟ ಮುಗಿಸಿ ಬಂದ ಚಿಕ್ಕಪ್ಪ, "ಎಲ್ಲೋ ನಿನ್ನ ಚಾಕು, ಸ್ವಲ್ಪ ಕೊಡು" ಅಂದರು. ಹಣ್ಣು ಹೆಚ್ಚಲಿಕ್ಕೆ ಅಂದುಕೊಂಡು ಕೊಟ್ಟೆ. ಅವರು ಕಡ್ಡಿ ಎಳೆದು, ಹೋಳಿಗೆಯ ತೆಂಗಿನಕಾಯಿ ಸಿಕ್ಕಿಕೊಂಡಿದ್ದ ಹಲ್ಲನ್ನೆಲ್ಲ ನಿಧಾನವಾಗಿ ಚೊಕ್ಕ ಮಾಡಿಕೊಂಡು, ಪಂಚೆಗೆ ಒಮ್ಮೆ ಒರೆಸಿ, ಮತ್ತೆ ಅದರ ಜಾಗಕ್ಕೇ ತೂರಿಸಿ, "ಒಳ್ಳೇ ಸಾಮಾನು ಕಣೋ" ಅಂತ ಬೆನ್ನು ತಟ್ಟಿ ವಾಪಸ್ ಕೊಟ್ಟರು.

ಅಲ್ಲಿಂದೀಚೆಗೆ ಮದುವೆಗಳಿಗೆ ಲೆದರ್‌ಮನ್ ಒಯ್ಯುತ್ತೇನೆ. ಅದರಲ್ಲಿ ಹಲ್ಲುಕಡ್ಡಿ ಇಲ್ಲ.